ಅಳತೆ ಬ್ಲೌಸ್

ಮದುವೆಯ ಬ್ಲೌಸು ಹೊಲಿಸಲು ಹುಡುಗಿಯನ್ನು ಕಳಿಸಿರಲಿಲ್ಲ. ಅಳತೆಗೆಂದು ಹಳೆಯ ಬ್ಲೌಸೊಂದನ್ನು ಕವರಿನಲ್ಲಿ ಹಾಕಿ ತಂದಿದ್ದರು. ಅದೂ ಯಾರದು? ಹುಡುಗಿಯ ತೀರಿಕೊಂಡ ತಾಯಿ, ಶಾಂಭವಿಯ ಅಕ್ಕ ಯಶೋದಾಳದು.

ಶಾಂಭವಿ ಕೈಗೆ ತೆಗೆದುಕೊಂಡ ಕೂಡಲೇ ಗುರುತು ಹಿಡಿದಳು. ಗಿಳಿಹಸಿರು ರೂಬಿಯಾ ಬಟ್ಟೆ. ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಇದೇ ಅಂಗಡಿಯಲ್ಲಿ, ಇದೇ ಮಿಷನ್ನಿನಲ್ಲಿ ಅವಳೇ ಹೊಲಿದದ್ದು. ಸ್ತನ ಕ್ಯಾನ್ಸರಿನ ಆಪರೇಷನ್ನಿಗೆ ಮುಂಚಿನದು. ಆಮೇಲೆ ಯಶೋದಾ ಇದ್ದದ್ದು ಒಂದೂವರೆ ವರ್ಷ. ಆ ಒಂದೂವರೆ ವರ್ಷದ ಬ್ಲೌಸುಗಳಿಗೆಲ್ಲ ಎಡಗಡೆ ಹತ್ತಿ ತುಂಬಿ ಹೊಲಿದುಕೊಟ್ಟವಳೂ ಅವಳೇ.

"ಯಶೋದನ್ ಅಳತೆ ನಯನಂಗೆ ಕರೆಕ್ಟಾಗಿ ಕೂರುತ್ತೆ ಕಣೇ," ಎಂದರು ಅಕ್ಕನ ಅತ್ತೆ ಮಲ್ಲಿಕಾಂಬ, ಸ್ಟೂಲಿನ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ. "ತಾಯಿ ಮೈಕಟ್ಟೇ ಮಗಳಿಗೂ ಬಂದದೆ."

"ಅದಕ್ಕೇ ಹೆದರಬೇಕು ಅತ್ತೆ, ನೀವು ಖುಷಿ ಪಡ್ತಾ ಇದ್ದೀರ," ಎಂದಳು ಶಾಂಭವಿ.

ಬಾಗಿಲಲ್ಲಿ ನಿಂತಿದ್ದ ಭಾವ ರುದ್ರಮೂರ್ತಿ ಬೀದಿಯ ಕಡೆ ತಿರುಗಿದ. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟುಕೊಂಡು ನೂರು ಜನರ ಎದುರು ಗಂಟಲು ಹರಿಯುವಂತೆ ಹರಾಜು ಕೂಗುವ ಗಂಡಸು. ಹೆಂಡತಿಯ ಕಾಯಿಲೆಯ ವಿಷಯಕ್ಕೆ ಬಂದರೆ ಮಾತ್ರ ಅವನಿಗೆ ಸ್ವರವೇ ಇಲ್ಲ. ಈ ಕಾಯಿಲೆ ವಂಶದಲ್ಲಿ ಬರುವಂಥದ್ದು, ತಂಗಿಗೂ ಮಗಳಿಗೂ ರಕ್ತ ಪರೀಕ್ಷೆ ಆಗಲೇಬೇಕು ಎಂದು ಯಶೋದಾ ಬದುಕಿದ್ದಾಗಲೇ ಡಾಕ್ಟರು ಅವನಿಗೆ ಹೇಳಿದ್ದರು. ಅವನು ಅದನ್ನು ಶಾಂಭವಿಗೆ ಹೇಳಿದ್ದು ಯಶೋದಾ ಸತ್ತು ವರ್ಷವಾದ ಮೇಲೆ. ಮಗಳಿಗೆ ಹೇಳಲೇ ಇಲ್ಲ. ಶಾಂಭವಿ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಅವಳ ರಕ್ತದಲ್ಲೂ ಆ ದೋಷ ಇದೆ ಎಂದು ಗೊತ್ತಾದ ದಿನ ಅವನು ಫೋನಿನಲ್ಲಿ ಅತ್ತಿದ್ದ. "ದಮ್ಮಯ್ಯ ಶಾಂಭವಿ, ಮದುವೆ ಆಗೋವರ್ಗೂ ನಯನನ ಹತ್ರ ಬಾಯಿ ಬಿಡಬ್ಯಾಡ. ಕಡೂರಿನ ಗಂಡಿನೋರು ಹಿಂದೆ ಸರಿದುಬಿಡ್ತಾರೆ."

ಅವಳು ಹೂಂ ಅಂದಿದ್ದಳು.

ಈಗ ಎಲ್ಲ ಅರ್ಥವಾಯಿತು. ಮೈಮೇಲೆ ಅಳತೆ ತೆಗೆಯಬೇಕೆಂದರೆ ಪರದೆಯ ಹಿಂದೆ ಚಿಕ್ಕಮ್ಮ, ಮಗಳು ಇಬ್ಬರೇ ಆಗುತ್ತಾರೆ. ಆ ಐದು ನಿಮಿಷಕ್ಕೆ ಹೆದರಿ ಸತ್ತವಳ ಬ್ಲೌಸನ್ನು ಪೆಟ್ಟಿಗೆಯಿಂದ ಎಬ್ಬಿಸಿ ತಂದಿದ್ದಾರೆ.

"ಇದರ ಮೇಲೆ ನಾನು ಹೊಲಿಯಲ್ಲ," ಎಂದಳು ಶಾಂಭವಿ. "ಮದುಮಗಳು ಬರಲಿ."

"ಅಯ್ಯೋ, ಊರಿಗೆಲ್ಲ ಅಳತೆ ಬ್ಲೌಸ್ ಇಟ್ಕೊಂಡೇ ಹೊಲಿತೀಯ. ನಮಗೇನು ಹೊಸ ಕಾನೂನು?" ಮಲ್ಲಿಕಾಂಬ ನಕ್ಕರು.

"ಹೌದು, ನಿಮಗೆ ಹೊಸ ಕಾನೂನೇ. ಅಕ್ಕ ಗಂಟು ತೋರಿಸಿದಾಗ ಏನಂದ್ರಿ? ಹಾಲು ಕಟ್ಟಿರ್ಬೇಕು, ಹರಳೆಣ್ಣೆ ಹಚ್ಚು ಅಂದ್ರಿ. ಕಾಲೇಜಿಗೆ ಹೋಗೋ ಮಗಳಿರೋಳಿಗೆ ಯಾವ ಹಾಲು ಅತ್ತೆ ಕಟ್ಟೋದು? ಎಂಟು ತಿಂಗಳು ಹಚ್ಚಿದ್ಲು. ಎಂಟು ತಿಂಗಳು!"

ಮಲ್ಲಿಕಾಂಬರ ನಗು ನಿಂತಿತು. ರುದ್ರಮೂರ್ತಿ, "ರಸ್ತೇಲಿ ಜನ ಓಡಾಡ್ತಾರೆ, ಮೆಲ್ಲಗೆ," ಎಂದ. ಶಾಂಭವಿ ಇನ್ನಷ್ಟು ಜೋರಾಗಿ ಹೇಳಿದಳು: "ಹುಡುಗಿ ಬರದೇ ಇದ್ರೆ ಬಟ್ಟೆ ವಾಪಸ್ ತಗೊಂಡ್ಹೋಗಿ."

ಮದುವೆಗೆ ಇನ್ನು ಹದಿನೆಂಟು ದಿನ. ಅಷ್ಟರೊಳಗೆ ಹೊಲಿದುಕೊಡಲು ಬೇರೆ ಯಾವ ದರ್ಜಿಯೂ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಗುರುವಾರ ನಯನ ಬಂದಳು, ಹಿಂದೆಯೇ ಅಪ್ಪ ಮತ್ತು ಅಜ್ಜಿ ಕಾವಲಿಗೆ ಬಂದರು.

ಶಾಂಭವಿ ಪರದೆ ಎಳೆದಳು. ಟೇಪನ್ನು ನಯನಳ ಬೆನ್ನ ಸುತ್ತ ತಂದಳು. ಹೇಗೆ ಹೇಳುವುದೆಂದು ಮೂರು ದಿನದಿಂದ ಮನಸ್ಸಿನಲ್ಲೇ ಹೊಲಿದು ಬಿಚ್ಚಿದ್ದಳು. ಅತ್ತರೆ ಅಪ್ಪಿಕೊಳ್ಳಬೇಕು, ಕುಸಿದರೆ ಸ್ಟೂಲು ಹತ್ತಿರವಿರಲಿ ಎಂದು ತಂದಿಟ್ಟುಕೊಂಡಿದ್ದಳು.

"ನಿಮ್ಮಮ್ಮಂಗೆ ಬಂದಿದ್ದು ವಂಶದಲ್ಲಿ ಬರೋದಂತೆ ಕಣೇ," ಎಂದಳು ಪಿಸುದನಿಯಲ್ಲಿ. "ನಂಗೆ ಟೆಸ್ಟ್ ಮಾಡಿದ್ರು. ಇದೆ ಅಂತ ಬಂತು."

"ಗಡ್ಡೆನಾ?"

"ಗಡ್ಡೆ ಇಲ್ಲ. ಬರೋ ಸಂಭವ ಜಾಸ್ತಿ, ಅಷ್ಟೇ. ಬಿಡದೆ ಸ್ಕ್ಯಾನ್ ಮಾಡಿಸ್ಕೊತಿದ್ದೀನಿ. ಸಣ್ಣದಿರೋವಾಗ್ಲೇ ಸಿಕ್ರೆ ಉಳ್ಕೊಬೋದು. ನಿಂಗೂ ಬಂದಿರಬೋದು, ಬರದೇನೂ ಇರಬೋದು. ಅರ್ಧಕ್ಕರ್ಧ ಅಂತಾರೆ. ಟೆಸ್ಟ್ ಮಾಡಿಸಿದ್ರೇನೇ ಗೊತ್ತಾಗೋದು."

ನಯನ ಅಳಲಿಲ್ಲ. ಸ್ಟೂಲಿನ ಕಡೆ ನೋಡಲೂ ಇಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಚಿಕ್ಕಮ್ಮ?"

"ಎಂಟು ತಿಂಗಳಾಯ್ತು."

"ನನ್ನ ನಿಶ್ಚಿತಾರ್ಥಕ್ಕೆ ಮುಂಚೆ."

"ನಿಮ್ಮಪ್ಪ ದಮ್ಮಯ್ಯ ಅಂದ್ರು ಕಣೇ..."

"ಅಪ್ಪ ಅಂದ್ರಂತೆ! ಅಜ್ಜಿ ಎಂಟು ತಿಂಗಳು ಎಣ್ಣೆ ಹಚ್ಚಿಸಿದ್ರು, ನೀವು ಎಂಟು ತಿಂಗಳು ಬಾಯಿ ಮುಚ್ಕೊಂಡು ನಂಗೆ ಹೂ ಮುಡಿಸಿದ್ರಿ. ಏನು ವ್ಯತ್ಯಾಸ? ನಾಳೆ ನಂಗೂ ಹತ್ತಿ ತುಂಬಿ ಹೊಲಿದುಕೊಡ್ತಿದ್ರಿ, ಅಲ್ವಾ?"

ಶಾಂಭವಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ದಿನ ಅವಳ ಸಿಟ್ಟೆಲ್ಲ ಪರದೆಯ ಆಚೆ ಕೂತಿದ್ದವರ ಮೇಲಿತ್ತು. ಆ ಸಾಲಿನಲ್ಲಿ ತನ್ನನ್ನೂ ಕೂರಿಸಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. "ಹೌದು, ತಪ್ಪು ಮಾಡಿದೆ," ಎಂದಳು.

ನಯನ ಪರದೆಯನ್ನು ಸರಕ್ಕನೆ ಎಳೆದಳು. ರುದ್ರಮೂರ್ತಿ ಎದ್ದು ನಿಂತ. ಮಗಳ ಮುಖ ನೋಡಿದವನೇ ನಾದಿನಿಯ ಕಡೆ ತಿರುಗಿ, "ಹೇಳ್ಬಿಟ್ಟೆಯಾ? ಮನೆ ಹಾಳು ಮಾಡ್ದೆ," ಎಂದ.

"ಅವರನ್ಯಾಕೆ ಬಯ್ತೀರ? ನನ್ನ ಜೊತೆ ಮಾತಾಡಿ ಅಪ್ಪ. ಅಮ್ಮನ ರಿಪೋರ್ಟ್ ನನಗೆ ಯಾವಾಗ ತೋರಿಸೋರಿದ್ರಿ? ನನಗೊಂದು ಮಗು ಆದ್ಮೇಲಾ?"

"ಮದುವೆ ನಿಂತೋದ್ರೆ ಏನ್ ಮಾಡ್ತೀಯ?"

"ನಾನೇ ನಿಂತೋದ್ರೆ?"

ಮಲ್ಲಿಕಾಂಬ ಮೊಮ್ಮಗಳ ಕೈ ಹಿಡಿಯಲು ಹೋಗಿ ಬಿಟ್ಟರು. "ನಂಗೆ ಗೊತ್ತಿದ್ದಿದ್ದು ಅಷ್ಟೇ ಕಣಮ್ಮ. ನಮ್ಮತ್ತೆ ನಂಗೆ ಹೇಳಿದ್ನೇ ನಾನು ಅವಳಿಗೆ ಹೇಳ್ದೆ," ಎಂದರು. ಯಾರೂ ಅವರನ್ನು ಸಮಾಧಾನ ಮಾಡಲಿಲ್ಲ.

ನಯನ ಫೋನು ಹಿಡಿದು ಮೆಟ್ಟಿಲಿಳಿದಳು. ಕಡೂರಿನ ಕರೆಂಟ್ ಆಫೀಸಿನಲ್ಲಿ ಕೆಲಸದಲ್ಲಿದ್ದ ರೇಣುಕಪ್ರಸಾದ್, ಅವಳು ಮದುವೆಯಾಗಬೇಕಿದ್ದ ಹುಡುಗ, ಎರಡನೇ ರಿಂಗಿಗೇ ಎತ್ತಿಕೊಂಡ. ಒಳಗಿದ್ದವರಿಗೆ ಅವಳ ಮಾತಷ್ಟೇ ಕೇಳುತ್ತಿತ್ತು. ಏನನ್ನೂ ಮುಚ್ಚದೆ, ಚಿಕ್ಕಮ್ಮನ ಮಾತುಗಳಲ್ಲೇ ಹೇಳಿದಳು.

"ಲೈನಲ್ಲಿದ್ದೀರಾ? ಸರಿ, ಯೋಚನೆ ಮಾಡಿ. ಮನೇಲಿ ಕೇಳಬೇಕು ಅಂದ್ರೆ ಕೇಳಿ. ನಾನು ಸೋಮವಾರ ಶಿವಮೊಗ್ಗಕ್ಕೆ ಹೋಗ್ತಿದ್ದೀನಿ. ಅದಕ್ಕೆ ಯಾರ ಯೋಚನೆನೂ ಬೇಕಾಗಿಲ್ಲ."

ಶಾಂಭವಿ ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಮುಟ್ಟಲು ಧೈರ್ಯವಾಗಲಿಲ್ಲ.

"ಬೆಳಿಗ್ಗೆ ಎಷ್ಟೊತ್ತಿಗೆ ಬಸ್ಸು?" ಕೇಳಿದಳು ನಯನ, ರಸ್ತೆಯನ್ನೇ ನೋಡುತ್ತ.

"ಆರೂವರೆಗೆ ಒಂದಿದೆ. ನಾನೂ ಬತ್ತೀನಿ."

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ."

"ಹೋಗೋದು ಬ್ಯಾಡ. ಸಿಟ್ಟು ಇಟ್ಕೊಂಡೇ ಬಾ."

ನಯನ ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಫೋನಿನಲ್ಲಿ ಸೋಮವಾರಕ್ಕೆ ನಾಲ್ಕೂವರೆಯ ಅಲಾರಂ ಇಟ್ಟಳು.