ಎರವಲು ಹೋದ ಜೋಕಾಲಿ

ನಾನು ಒಂದು ಜೋಕಾಲಿ. ಮರಕ್ಕೆ ಹಗ್ಗ ಕಟ್ಟಿ ಹುಡುಗರು ಜೀಕುತ್ತಾರಲ್ಲ, ಆ ಜಾತಿಯದಲ್ಲ. ಪಡಸಾಲೆಯ ತೊಲೆಯಿಂದ ನಾಲ್ಕು ಹಿತ್ತಾಳೆ ಸರಪಳಿಗಳಲ್ಲಿ ಇಳಿಬಿದ್ದ, ಮೂವರು ಆರಾಮವಾಗಿ ಕೂರಬಹುದಾದ ದಾಂಡೇಲಿ ಸಾಗವಾನಿಯ ಮಣೆ. ನನ್ನನ್ನು ಮಾಡಿದವನು ಧಾರವಾಡದ ಬಡಿಗ ಮೌನೇಶಪ್ಪ. ಹಲಗೆಯನ್ನು ಹೆರೆದು, ಉಜ್ಜಿ, ಎಣ್ಣೆ ಕುಡಿಸಿ, ಎಲ್ಲೂ ಸಿಬಿರು ಇಲ್ಲವೆಂದು ತನ್ನ ಅಂಗೈಯನ್ನೇ ಸವರಿ ನೋಡಿದ ಮೇಲೆಯೇ ಅವನು ನನ್ನನ್ನು ಗಾಡಿಗೆ ಏರಿಸಿದ್ದು. "ವಕೀಲರ, ಇದರ ಮ್ಯಾಲ ಕುಂತವರ ಗುಣಾ ಇದಕ್ಕ ತಿಳೀತೈತಿ ನೋಡ್ರಿ" ಎಂದು ಒಂದು ಮಾತನ್ನೂ ಸೇರಿಸಿದ. ಅದು ವ್ಯಾಪಾರದ ಮಾತು. ಆದರೆ ನನ್ನ ಮಟ್ಟಿಗೆ ನಿಜವಾಯಿತು.

ಕೊಂಡವರು ಅದೇ ಊರಿನ ಮಾಳಮಡ್ಡಿ ಓಣಿಯ ನಾಡಿಗೇರ ವಕೀಲರು. ನೀವು ಮನುಷ್ಯರನ್ನು ಮುಖ ನೋಡಿ ಅಳೆಯುತ್ತೀರಿ, ನಾನು ಕಾಲು ನೋಡಿ ಅಳೆಯುತ್ತೇನೆ. ಮುಖಕ್ಕೆ ಪೌಡರು ಹಚ್ಚಬಹುದು, ನಗು ಅಂಟಿಸಬಹುದು. ನೆಲ ಮೀಟುವ ಹೆಬ್ಬೆರಳಿಗೆ ಏನು ಹಚ್ಚುತ್ತೀರಿ? ವಕೀಲರ ಕಕ್ಷಿದಾರರು ಸುಳ್ಳು ಹೇಳಲು ಶುರುಮಾಡಿದರೆ ಮೀಟುವ ವೇಗ ಹೆಚ್ಚುತ್ತಿತ್ತು. ವಕೀಲರಿಗೆ ಇದು ಗೊತ್ತಿರಲಿಲ್ಲ, ಪಾಪ. ಗೊತ್ತಿದ್ದರೆ ಎಷ್ಟೋ ಕೇಸು ಹಿಡಿಯುತ್ತಲೇ ಇರಲಿಲ್ಲ.

ವಕೀಲರು ತೀರಿಕೊಂಡ ಮೇಲೆ ನಾನು ಅವರ ಹೆಂಡತಿ ಅಂಬಕ್ಕನ ಪಾಲಿಗೆ ಬಂದೆ. ಅವಳು ಮದುಮಗಳಾಗಿ ಬಂದು ನನ್ನ ಮೇಲೆ ಕೂತ ದಿನದಿಂದ ಬಲ್ಲೆ, ಹಾಗಾಗಿ ಏಕವಚನಕ್ಕೆ ಕ್ಷಮೆ ಕೇಳುವುದಿಲ್ಲ. ಅಂಬಕ್ಕನಿಗೆ ವಾರಪತ್ರಿಕೆಯ ಧಾರಾವಾಹಿಯ ಹುಚ್ಚು. ತಾನು ಓದುವುದಿಲ್ಲ, ಬಂದವರ ಕೈಗೆ ಪತ್ರಿಕೆ ಕೊಟ್ಟು "ಓದವಾ ತಂಗಿ, ನಾ ಕೇಳತೀನಿ" ಎಂದು ಜೀಕುತ್ತ ಕೂರುವುದು. ಕಥೆ ಸಪ್ಪೆಯಾದರೆ ಕಾಲು ತನ್ನ ಪಾಡಿಗೆ ತಾನು ಮೀಟುತ್ತಿರುತ್ತಿತ್ತು. ಕಥೆ ಹಿಡಿದುಕೊಂಡಿತೋ, ಕಾಲು ಮೀಟುವುದನ್ನೇ ಮರೆತು ನೆಲಕ್ಕೆ ಊರಿಬಿಡುತ್ತಿತ್ತು, ನಾನೂ ನಿಂತುಬಿಡುತ್ತಿದ್ದೆ. "ಚಲೋ ಬರದಾನ ನೋಡು" ಎಂದು ಬಾಯಿ ಹೇಳುವುದು ಆಮೇಲೆ.

ಇದನ್ನು ಮೊದಲು ಗಮನಿಸಿದವಳು ತಾರಾ ಹಂಚಿನಮನಿ. ಅವಳೂ ಅವಳ ಗೆಳೆಯ ಈರಣ್ಣನೂ ಮನೆಯ ಮುಂಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಈರಣ್ಣನಿಗೆ ಕಂಪ್ಯೂಟರ್ ಗೊತ್ತು, ತಾರಾಳಿಗೆ ಜನ ಗೊತ್ತು. ಯಾರು ಬೇಕಾದರೂ ಕನ್ನಡದಲ್ಲಿ ತಮ್ಮದೇ ಬ್ಲಾಗು ತೆರೆದು ಬರೆಯಬಹುದಾದ ಜಾಲತಾಣ ಕಟ್ಟುತ್ತೇವೆ ಎಂದು ಹೊರಟಿದ್ದರು. ಎಲ್ಲ ಸಿದ್ಧವಾಯಿತು, ಹೆಸರೇ ಸಿಗಲಿಲ್ಲ. ದಿನವೂ ನನ್ನ ಮೇಲೆ ಕೂತು ತಲೆ ಕೆರೆದುಕೊಳ್ಳುವುದು. ಅಂಬಕ್ಕನಿಗೆ ನೋಡಿ ನೋಡಿ ಸಾಕಾಯಿತು.

"ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಕೂತದ್ದರ ಹೆಸರ ಇಡ್ರಿ, ಮುಗೀತು!"

ಹೀಗೆ ಹುಟ್ಟಿದ್ದು 'ಜೋಕಾಲಿ'. ತಾಣದ ಮೇಲ್ಗಡೆ ನನ್ನದೇ ಚಿತ್ರ, ನಾಲ್ಕು ಸರಪಳಿ ಸಮೇತ. ಊರಿನಲ್ಲಿ ಎಷ್ಟು ಜೋಕಾಲಿಗಳಿಗೆ ಆ ಭಾಗ್ಯ ಬಂದಿದೆ, ಹೇಳಿ ನೋಡೋಣ!

ಅಲ್ಲಿಗೊಂದು ಪದ್ಧತಿಯೂ ಬೆಳೆಯಿತು. ಹೊಸಬರ ಮೊದಲ ಬರಹವನ್ನು ಈರಣ್ಣ ನನ್ನ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ತಾರಾ, ಅಂಬಕ್ಕ ಪಕ್ಕದಲ್ಲಿ ಕೂತು ಜೀಕುತ್ತ ಕೇಳಬೇಕು. ಕಾಲು ನಿಂತರೆ ಬರಹ ಮುಖಪುಟಕ್ಕೆ. ನಿಲ್ಲದಿದ್ದರೆ ಅದೂ ಪ್ರಕಟವೇ, ಆದರೆ ಒಳಪುಟದಲ್ಲಿ. ಬರೆದವರು ಫೋನು ಮಾಡಿ "ನಮ್ಮದಕ್ಕ ಕಾಲು ನಿಂತತೇನ್ರಿ?" ಎಂದು ಕೇಳುವಷ್ಟು ಇದು ಹೆಸರಾಯಿತು. ಗದಗಿನ ನಿವೃತ್ತ ನರ್ಸು ಕಾಶಮ್ಮ ತಾನು ಹೆರಿಗೆ ಮಾಡಿಸಿದ ಕೂಸುಗಳ ಬಗ್ಗೆ ಬರೆದಾಗ ಎರಡು ಕಾಲುಗಳೂ ಮೊದಲ ಸಾಲಿಗೇ ನಿಂತವು. ಓದುತ್ತಿದ್ದ ಈರಣ್ಣನ ದನಿಯೂ ನಿಂತಿತು.

ಜನ ಬಂದರು ನೋಡಿ, ಅಬ್ಬಾ! ಬರೆಯುವವರು ಸಾವಿರಗಟ್ಟಲೆ, ಓದುವವರು ಲಕ್ಷಗಟ್ಟಲೆ. ಎಲ್ಲರೂ ಊಟದ ಹೊತ್ತಿಗೆ ಒಮ್ಮೆಗೇ ನುಗ್ಗುವುದರಿಂದ ದಿನವೂ ಸೈಟು ಕುಸಿದು ಬೀಳುತ್ತಿತ್ತು. ಈರಣ್ಣ ಅದನ್ನು ಎಬ್ಬಿಸುವಷ್ಟರಲ್ಲಿ ಮತ್ತೆ ಬೀಳುತ್ತಿತ್ತು. ಅವನ ಹಿಮ್ಮಡಿ ಸವೆದದ್ದನ್ನು ನಾನು ಕಂಡಿದ್ದೇನೆ. ಇಬ್ಬರು ಹೊರುವ ಭಾರ ಅದಾಗಿರಲಿಲ್ಲ.

ಆಗ ಬಂತು ಮುಂಬಯಿಯ ದೊಡ್ಡ ಇಂಟರ್ನೆಟ್ ಕಂಪನಿ. ಜೋಕಾಲಿಯನ್ನು ಇಡಿಯಾಗಿ ಕೊಳ್ಳುತ್ತೇವೆ, ಎಷ್ಟು ಜನ ಬಂದರೂ ಬೀಳದ ಹಾಗೆ ನೋಡಿಕೊಳ್ಳುತ್ತೇವೆ ಎಂದಿತು. ಮಾತಾಡಲು ಕಳಿಸಿದ್ದು ಸಂಗಮೇಶ ಯಾದವಾಡ ಎಂಬ ಅಧಿಕಾರಿಯನ್ನು. ಬಾಗಲಕೋಟೆ ಕಡೆಯವನು. ಬೂಟುಗಾಲಲ್ಲೇ ಬಂದು ನನ್ನ ಮೇಲೆ ಕೂತ. ಒಂದು ಬೂಟು ಒಂದೇ ಸಮನೆ ಕುಣಿಯುತ್ತಿತ್ತು. ಇವನಿಗೆ ಅವಸರ, ಇವನು ಕೇಳುವವನಲ್ಲ ಎಂದು ನಾನು ತೀರ್ಮಾನಿಸಿದೆ. ಈರಣ್ಣ ಚಹಾ ಕೊಡುತ್ತ ಕಾಲು ನಿಲ್ಲುವ ಪದ್ಧತಿಯನ್ನೆಲ್ಲ ಅವನಿಗೆ ಹೇಳಿದ. ಅವನು ನಕ್ಕು, ಕರಾರುಪತ್ರವನ್ನು ತಾರಾಳ ಮುಂದೆ ಹಿಡಿದ.

"ಈ ಮನ್ಯಾಗ ಹೊಸಾದ ಏನ ಬಂದ್ರೂ ಮೊದಲ ಇದರ ಮ್ಯಾಲ ಕುಂತ ಓದಬೇಕ್ರಿ" ಅಂದಳು ತಾರಾ. "ನೀವ ಓದ್ರಿ, ಕನ್ನಡದಾಗ ಹೇಳ್ಕೋತ. ನಾ ಕೇಳತೀನಿ."

"ನಾ ಬರಿಯಾಂವ ಅಲ್ರಿ ಮೇಡಂ, ಲೆಕ್ಕಾ ಹಾಕಾಂವ" ಎಂದರೂ ಓದಿದ. ತಾರಾ ಪಕ್ಕದಲ್ಲಿ ಕೂತು ಮೀಟತೊಡಗಿದಳು. ಹೆಸರು ಕಂಪನಿಗೆ, ಸರಿ. ನನ್ನ ಚಿತ್ರ ಕಂಪನಿಗೆ, ಸರಿ. ಇಬ್ಬರಿಗೂ ಅಲ್ಲೇ ಕೆಲಸ, ಸರಿ. ಕಾಲು ಹದವಾಗಿ ನಡೆಯುತ್ತಿತ್ತು. "ಹಳೆಯ ಬರಹಗಳನ್ನು ಯಾವಾಗ ಬೇಕಾದರೂ, ಯಾರಿಗೂ ತಿಳಿಸದೆ, ಅಳಿಸಿಹಾಕುವ ಹಕ್ಕು ಕಂಪನಿಗೆ ಇರುತ್ತದೆ" ಎಂದು ಅವನು ಓದಿದ್ದೇ ತಡ, ಕಾಲು ನೆಲಕ್ಕೆ ಊರಿತು.

ಸಂಗಮೇಶನ ಮುಖ ಅರಳಿತಂತೆ. "ಓಹೋ, ಕಾಲು ನಿಂತತು! ಅಷ್ಟ ಚಲೋ ಅನಿಸ್ತೇನ್ರಿ?"

"ಇಲ್ರಿ. ಅಂಜಿಕಿ ಆತು."

ಸಂಗಮೇಶ ಸಮಾಧಾನದ ದನಿಯಲ್ಲಿ "ಎಂದೋ ಬರದದ್ದನ್ನ ಈಗ ಯಾರ ಓದತಾರ್ರಿ ಮೇಡಂ?" ಎಂದ.

"ಕಾಶಮ್ಮ ಹೋಗಿ ವರ್ಷ ಆತ್ರಿ. ಆಕಿ ಮಗಳು ಓದತಾಳ. ಅವ್ವನ ಮಾತ ಕೇಳಬೇಕನಿಸಿದ್ರ ಆ ಹುಡುಗಿಗೆ ಇರೋದು ಇದೊಂದ ಜಾಗಾ. ಅದನ್ನ ಅಳಸಾಕ ನಾ ಹೆಂಗ ಸಹಿ ಮಾಡ್ಲಿ?"

ಕುಣಿಯುತ್ತಿದ್ದ ಬೂಟು ಗಕ್ಕನೆ ನಿಂತಿತು. ಅದನ್ನು ಕಂಡವನು ನಾನೊಬ್ಬನೇ.

ಈರಣ್ಣ ತಡೆಯಲಾರದೆ ಎದ್ದ. "ತಾರಾ, ಇವರನ್ನ ಬಿಟ್ರ ದೀಪಾವಳಿ ಮಟಾ ನಾವ ಉಳಿಯೂದಿಲ್ಲ. ದಿನಾ ಬೀಳಾಕ್ಹತ್ತೈತಿ."

"ಬಿದ್ದದ್ದನ್ನ ನೀ ದಿನಾ ಎಬ್ಬಸತೀ. ಅಳಸಿದ್ದನ್ನ ಎಬ್ಬಸತೀಯೇನು?" ತಾರಾ ಸಂಗಮೇಶನ ಕಡೆ ತಿರುಗಿದಳು. "ಒಂದಕ್ಷರ ಅಳಸಬಾರದು. ನಿಮಗ ಬ್ಯಾಡಾದ ದಿವಸ ಎಲ್ಲಾ ಇದ್ದಂಗ ನಮಗ ತಿರುಗಿ ಕೊಡಬೇಕು. ಹಂಗಂತ ಬರದ್ರ ಸಹಿ. ಇಲ್ಲಾಂದ್ರ ಚಹಾ ಕುಡದ ಹೋಗಿಬರ್ರಿ."

ಎದೆಗಾರಿಕೆ ಅಂದರೆ ಅದು! ಅವಳು ಬಿಗಿಯಾಗಿ ಹಿಡಿದಿದ್ದಕ್ಕೆ ನನ್ನ ಸರಪಳಿ ಬೆಚ್ಚಗಾಗಿತ್ತು, ಆದರೆ ದನಿ ಒಂದಿಷ್ಟೂ ಅಲುಗಲಿಲ್ಲ. ಸಂಗಮೇಶ ಅಂಗಳಕ್ಕೆ ಹೋಗಿ ಮುಂಬಯಿಗೆ ಫೋನು ಹಚ್ಚಿದ. ಅಲ್ಲಿ ಅವನು ವಾದಿಸುವುದು, ಬೇಡುವುದು, ಮತ್ತೆ ವಾದಿಸುವುದು ಕೇಳಿಸುತ್ತಲೇ ಇತ್ತು. ಒಳಗೆ ಬಂದಾಗ ಬೂಟು ಹೊರಗೆ ಬಿಟ್ಟಿದ್ದ. ಬರಿಗಾಲು ಕಂಡ ಕೂಡಲೇ ಕೆಲಸವಾಯಿತು ಎಂದು ನನಗೆ ಗೊತ್ತಾಯಿತು. ಬಾಯಿ ಹೇಳಿದ್ದು ಆಮೇಲೆ.

"ಒಪ್ಯಾರ್ರಿ. ಆದ್ರ ಈ ಜೋಕಾಲಿನೂ ಬೇಕಂತ, ಮುಂಬಯಿ ಆಫೀಸಿನಾಗ ಹಾಕಾಕ."

ಹೊಸ್ತಿಲ ಬಳಿ ಕೂತು ಅಲ್ಲಿಯವರೆಗೆ ಬಾಯಿ ಬಿಡದಿದ್ದ ಅಂಬಕ್ಕ ಈಗ ಬಿಟ್ಟಳು. "ಕೊಡಂಗಿಲ್ಲ! ಬೇಕಾದ್ರ ಎರವಲು ಒಯ್ಯಿರಿ, ಮದವಿಗೆ ಪಾತ್ರಿ ಒಯ್ದಂಗ. ನಿಮ್ಮ ಕೆಲಸ ಮುಗೀತಂದ್ರ ಒರಸಿ, ಎಣ್ಣಿ ಹಚ್ಚಿ ಇಲ್ಲೇ ತಂದ ತೂಗಹಾಕಬೇಕು. ಅದನ್ನೂ ಬರಕೋ."

ಅವನು ಬರೆದುಕೊಂಡ.

ಮುಂಬಯಿಯ ಗಾಜಿನ ಕಟ್ಟಡದಲ್ಲಿ ನನ್ನನ್ನು ಬಾಗಿಲ ಎದುರೇ ತೂಗುಹಾಕಿದರು. ತೂಗು ಎಂದರೆ ತಪ್ಪಾದೀತು. ಬಂದವರ ಮೊಣಕಾಲಿಗೆ ಬಡಿಯಬಾರದೆಂದು ಕೆಳಗೆ ಎರಡು ಕಬ್ಬಿಣದ ಸರಳು ಕೊಟ್ಟು ನನ್ನನ್ನು ನೆಲಕ್ಕೆ ಬಿಗಿದುಬಿಟ್ಟರು. ಸುತ್ತ ಹಗ್ಗ, 'ಕೂರಬಾರದು' ಎಂಬ ಫಲಕ. ಅಯ್ಯ ಶಿವನೇ! ಪಳಪಳ ಹೊಳೆಯುತ್ತಿದ್ದೆ, ಫೋಟೋ ಹೊಡೆಸಿಕೊಳ್ಳುತ್ತಿದ್ದೆ, ಆದರೆ ಒಂದು ಕಾಲೂ ನನ್ನನ್ನು ಮುಟ್ಟುತ್ತಿರಲಿಲ್ಲ. ಬರಹಗಳು ಮಾತ್ರ ಚೆನ್ನಾಗಿದ್ದವು. ಊಟದ ಹೊತ್ತಿಗೆ ಸೈಟು ಬೀಳುವುದು ನಿಂತಿತು, ಕಂಪನಿ ಮಾತಿಗೆ ತಪ್ಪಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಒಂದು ಮಧ್ಯಾಹ್ನ ಸಂಗಮೇಶ ತಲೆ ಬೋಳಿಸಿಕೊಂಡು ಆಫೀಸಿಗೆ ಬಂದ. ಅವನ ತಾಯಿ ತೀರಿಕೊಂಡಿದ್ದಳು. ಹಗ್ಗ ದಾಟಿ, ಬೂಟು ಬಿಚ್ಚಿ ನನ್ನ ಮೇಲೆ ಕೂತ. ಕಾವಲಿನವನು ನೋಡಿಯೂ ನೋಡದವನಂತೆ ತಿರುಗಿಕೊಂಡ. ಸಂಗಮೇಶ ಹೆಬ್ಬೆರಳಿನಿಂದ ಒಮ್ಮೆ ಮೀಟಿದ, ಇನ್ನೊಮ್ಮೆ ಮೀಟಿದ. ನನಗೆ ಅಲುಗಲು ಆಗಲಿಲ್ಲ. ನನ್ನ ಇಡೀ ಆಯುಷ್ಯದಲ್ಲಿ ನನಗೆ ಅಷ್ಟು ಸಂಕಟವಾದದ್ದು ಅದೊಂದೇ ಸಲ.

ಕೆಲವು ವರ್ಷಗಳಲ್ಲಿ ಕಂಪನಿಗೆ ಬ್ಲಾಗು ಹಳಸಲಾಯಿತು. ಜೋಕಾಲಿಯನ್ನು ಮುಚ್ಚುತ್ತೇವೆ ಎಂದು ಒಂದು ದಿನ ಪ್ರಕಟಿಸಿಬಿಟ್ಟರು. ಬೇರೆಯವರಿಂದ ಕೊಂಡದ್ದನ್ನೆಲ್ಲ ಹೀಗೇ ಮುಚ್ಚಿ ಅಳಿಸಿ ಕೈ ತೊಳೆದುಕೊಂಡಿದ್ದರು. ನಮ್ಮದನ್ನು ಮಾತ್ರ ಅಳಿಸಲು ಬರಲಿಲ್ಲ. ತಾರಾಳ ಕಾಲು ನಿಂತ ಜಾಗದಲ್ಲಿ ಬರೆದಿಟ್ಟ ಮಾತು ಅಡ್ಡ ನಿಂತಿತ್ತು. ಕಾಶಮ್ಮನ ಕೂಸುಗಳೂ ಸೇರಿ ಪ್ರತಿಯೊಂದು ಅಕ್ಷರ ತಾರಾ, ಈರಣ್ಣನ ಕೈಗೆ ಮರಳಿತು. ಈಗ ಅಷ್ಟು ಜನ ಒಮ್ಮೆಗೇ ನುಗ್ಗುವುದಿಲ್ಲ, ಇಬ್ಬರೇ ನಡೆಸಬಹುದು.

ನನ್ನ ಸರಳು ಬಿಚ್ಚಿಸಿ, ಟೆಂಪೋದಲ್ಲಿ ಹಾಕಿಸಿ, ಧಾರವಾಡದವರೆಗೆ ಜೊತೆಗೇ ಬಂದವನು ಸಂಗಮೇಶ. ಕೆಲಸ ಬಿಟ್ಟಿದ್ದ. ಒರೆಸಿ, ಎಣ್ಣೆ ಹಚ್ಚಿ, ಹಳೆಯ ತೊಲೆಗೇ ತೂಗುಹಾಕಿಸಿದ ಮೇಲೆ ಜೇಬಿನಿಂದ ಒಂದು ಹಾಳೆ ತೆಗೆದ.

"ಮೇಡಂ, ನಂದೂ ಒಂದ ಐತ್ರಿ. ಮೊದಲನೇದು."

ಈಗ ನಾನು ಮುದುಕ, ಒಂದು ಸರಪಳಿ ಕಿರುಗುಟ್ಟುತ್ತದೆ. ಅಂಬಕ್ಕ ನನ್ನನ್ನು ಏರಲಾರಳು, ಬೆತ್ತದ ಕುರ್ಚಿಯಲ್ಲಿ ಎದುರಿಗೇ ಕೂರುತ್ತಾಳೆ. ಕಿವಿ ಬಲು ಮಂದ. ಆದರೂ ಹೊಸ ಬರಹ ಓದುವಾಗ ತಪ್ಪದೆ ಹಾಜರು. ತಾರಾಳ ಕಾಲನ್ನೇ ನೋಡುತ್ತ ಕೂತು, ಅದು ನಿಂತರೆ ತಾನೂ ತಲೆದೂಗುತ್ತಾಳೆ.

ಅಂದೂ ಹಾಗೇ ಕೂತಿದ್ದಳು. ಸಂಗಮೇಶ ನನ್ನ ಮೇಲೆ ಕೂತು ಓದತೊಡಗಿದ. ತಡವರಿಸುತ್ತಿದ್ದ. ತಾರಾ ಮೀಟುತ್ತಿದ್ದಳು, ನಾನು ತೂಗುತ್ತಿದ್ದೆ.

"ನಮ್ಮವ್ವಗ ಓದಾಕ ಬರತಿದ್ದಿಲ್ಲ. ಆಕಿ ರೊಟ್ಟಿ ಬಡಿಯುವಾಗ ನಾ ಒಲಿ ಮುಂದ ಕುಂತ ಪೇಪರ್ ಓದಿ ಹೇಳತಿದ್ದೆ. ತೀರಿಹೋದವರ ಫೋಟೋ ಇರೋ ಪುಟಾ ಮಾತ್ರ ಆಕಿಗೆ ಬ್ಯಾಡ. ಅದನ್ನ ಬಿಟ್ಟ ಓದತಿದ್ದೆ. ಆಕಿ ಹೋದಾಗ ಆ ಪುಟಕ್ಕ ಫೋಟೋ ಕೊಟ್ಟಾಂವ ನಾನ. ಮರುದಿನ ಪೇಪರ್ ಬಂತು. ಆ ಪುಟಾ ಬಿಟ್ಟ, ಉಳದದ್ದನ್ನೆಲ್ಲಾ ಒಲಿ ಮುಂದ ಕುಂತ ಜೋರಾಗಿ ಓದಿದೆ."

ತಾರಾಳ ಕಾಲು ನಿಂತಿತು. ನಾನೂ ನಿಂತೆ. ಕಿರುಗುಟ್ಟುವ ಸರಪಳಿಯೂ ಸುಮ್ಮನಾಯಿತು.

ಅಂಬಕ್ಕ ಕುರ್ಚಿಯಿಂದ ಮುಂದೆ ಬಾಗಿದಳು. "ಕಾಲ ನಿಂತದ ಅಂದ್ರ ಏನೋ ಚಲೋದ ಅದ. ನನಗ ಕೇಳಸಲಿಲ್ಲೋ ತಮ್ಮಾ. ಇಲ್ಲಿ ಬಂದ ಕೂತ ಜೋರಾಗಿ ಓದು."

ಸಂಗಮೇಶ ನನ್ನಿಂದ ಎದ್ದು, ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಅವಳ ಕಿವಿಗೆ ಮುಟ್ಟುವ ಹಾಗೆ ಮೊದಲಿನಿಂದ ಓದಿದ. ಈ ಸಲ ತಡವರಿಸಲಿಲ್ಲ. ಒಲೆಯ ಮುಂದೆ ಕೂತು ಹೀಗೇ ಓದುತ್ತಿದ್ದನೇನೋ. ಅಂಬಕ್ಕ ಕೊನೆಯವರೆಗೂ ಕೇಳಿ ಅವನ ತಲೆಯ ಮೇಲೆ ಕೈಯಿಟ್ಟಳು.

"ಆ ಪುಟಾ ಬಿಟ್ಟದ್ದು ಚಲೋ ಮಾಡಿದಿ. ನಾಳೆ ಪೇಪರ್ ತಗೊಂಡ ಬಾ. ನನಗೂ ಅದೊಂದನ್ನ ಬಿಟ್ಟ ಓದು."