ಬೂದು ಬಟನ್

"ಇನ್ನೂ ಸ್ವಲ್ಪ ಬೂದು," ಎಂದ ಟೈ ಸಾಹೇಬ, ಅವಳ ಕುರ್ಚಿಯ ಬೆನ್ನು ಹಿಡಿದು ಪರದೆಯ ಕಡೆಗೆ ಬಾಗಿ.

ಬಾಟಲಿ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಧಿಕಾರಿ ಅವನು. ಎಂಥ ಸೆಕೆಗೂ ಟೈ ಸಡಿಲ ಮಾಡುವವನಲ್ಲವಾದ್ದರಿಂದ ಅವಳ ಆಫೀಸಿನವರು ಅವನ ಬೆನ್ನ ಹಿಂದೆ ಇಟ್ಟ ಹೆಸರು ಅದು. ಆಫೀಸೆಂದರೆ ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ಮೂರು ಕಂಪ್ಯೂಟರು, ಒಂದು ಫ್ಯಾನು, ಆ ಫ್ಯಾನಿಗಿಂತ ಜೋರಾಗಿ ಸದ್ದು ಮಾಡುವ ಮಾಲೀಕ. ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕಸುಬು. ಸಾಫ್ಟ್‌ವೇರ್ ಕೊಳ್ಳೋಣವೆಂದರೆ ಸಾಕು, ಹಲ್ಲು ಕೀಳಿಸಿಕೊಳ್ಳಲು ಕರೆದಂತೆ ಮುಖ ಮಾಡುತ್ತಿದ್ದ ಮಾಲೀಕ. ಹೀಗಾಗಿ ಚಿತ್ರ ತಿದ್ದುವ ಪುಕ್ಕಟೆ ಸಾಫ್ಟ್‌ವೇರ್ ಒಂದರಲ್ಲೇ ಅವಳು ಒಂಬತ್ತು ವರ್ಷದಿಂದ ಪರದೆಯ ಮೇಲೆ ಒತ್ತುವ ಬಟನ್ ಮಾಡುತ್ತಿದ್ದಳು. ಮುಂದೆ, ಹಿಂದೆ, ಕಳುಹಿಸಿ, ರದ್ದುಮಾಡಿ.

ಮೊದಲು ಒಂದು ಆಯತ. ಅದರ ಮೂಲೆಗಳನ್ನು ಸೋಪಿನ ಬಿಲ್ಲೆಯಂತೆ ಗುಂಡಗೆ ಮಾಡುವುದು. ಮೇಲಿನಿಂದ ಕೆಳಕ್ಕೆ ತಿಳಿಯಿಂದ ಗಾಢಕ್ಕೆ ಇಳಿಯುವ ಬಣ್ಣ. ಮೇಲಂಚಿಗೆ ಕೂದಲೆಳೆಯಷ್ಟು ಬಿಳಿ, ಬೆಳಕು ಬಿದ್ದ ಹಾಗೆ. ಇನ್ನೊಂದು ಪದರದಲ್ಲಿ ನೆರಳು, ಮತ್ತೊಂದರಲ್ಲಿ ಅಕ್ಷರ. ಅಷ್ಟಕ್ಕೇ ಬಿಡದೆ ಪ್ರತಿಯೊಂದಕ್ಕೂ ಒಂದು ಜೊತೆ ಮಾಡುತ್ತಿದ್ದಳು, ಒತ್ತಿದಾಗ ಕಾಣಿಸಿಕೊಳ್ಳುವಂಥದ್ದು. ಅದರಲ್ಲಿ ನೆರಳು ತೆಗೆದು ಅಕ್ಷರವನ್ನು ಪರದೆಯ ಎರಡೇ ಚುಕ್ಕೆಯಷ್ಟು ಕೆಳಕ್ಕೆ ಸರಿಸುತ್ತಿದ್ದಳು.

"ಎರಡು ಚುಕ್ಕೆ ಯಾರಿಗೆ ಕಾಣುತ್ತೆ ತಾಯಿ?" ಎಂದು ಮಾಲೀಕ ರೇಗುತ್ತಿದ್ದ.

"ಕಣ್ಣಿಗೆ ಕಾಣಲ್ಲ ಸಾರ್. ಬೆರಳಿಗೆ ಗೊತ್ತಾಗುತ್ತೆ."

ಈಗ ಪರದೆಯ ಮೇಲೆ ಎರಡು ಬಟನ್‌ಗಳಿದ್ದವು. ಕಾರ್ಖಾನೆ ಜನರನ್ನು ಕಡಿಮೆ ಮಾಡುತ್ತಿತ್ತು. ನೌಕರರು ಒಬ್ಬೊಬ್ಬರಾಗಿ ಬಂದು ತಮ್ಮ ತೀರ್ಮಾನ ತಿಳಿಸಬೇಕಾದ ಪುಟ ಅದು. ಎಡಗಡೆ ಹಸಿರಿನಲ್ಲಿ ‘ಸ್ವಯಂ ನಿವೃತ್ತಿ ಒಪ್ಪಿದ್ದೇನೆ’. ಬಲಗಡೆ, ಅವಳು ನೀಲಿಯಲ್ಲಿ ಮಾಡಿದ್ದು, ‘ಕೆಲಸದಲ್ಲಿ ಮುಂದುವರಿಯುತ್ತೇನೆ’. ಆ ನೀಲಿ ಟೈ ಸಾಹೇಬನ ಕಣ್ಣಿಗೆ ಚುಚ್ಚುತ್ತಿತ್ತು.

"ಸಾರ್, ಬೂದು ಮಾಡಿದ್ರೆ ಅದು ಕೆಲಸ ಮಾಡದ ಬಟನ್ ಅಂತ ತಿಳ್ಕೋತಾರೆ. ಯಾರೂ ಒತ್ತಲ್ಲ."

"ಒತ್ತಿದ್ರೆ ಕೆಲಸ ಮಾಡುತ್ತೆ ತಾನೆ?"

"ಮಾಡುತ್ತೆ."

"ಮತ್ತೇನು? ನಾವೇನು ಬೀಗ ಹಾಕಿದೀವಾ? ಬಾಗಿಲಿಗೆ ಬೇರೆ ಬಣ್ಣ ಬಳಿದಿದೀವಿ ಅಷ್ಟೆ."

ಹಿಂದಿನ ಮೇಜಿನಿಂದ ಮಾಲೀಕ ಕೆಮ್ಮಿದ. "ಮಾಡಮ್ಮಾ, ಅವರು ಹೇಳಿದ ಹಾಗೆ ಮಾಡು."

ಅವಳು ಬಣ್ಣದ ಸೂಚಿಯನ್ನು ಎಡಕ್ಕೆ ಎಳೆದಳು. ನೀಲಿ ಇಷ್ಟಿಷ್ಟೇ ಬತ್ತಿತು. ನೆರಳಿನ ಪದರ ಅಳಿಸಿದಳು. ಅಕ್ಷರಗಳೂ ಮಂಕಾದವು, ಧೂಳು ಹಿಡಿದ ಕಿಟಕಿಯಾಚೆ ಯಾರೋ ನಿಂತ ಹಾಗೆ.

"ಹಾಂ, ಅಲ್ಲೇ ನಿಲ್ಸಿ," ಎಂದು ಟೈ ಸಾಹೇಬ ನೆಟ್ಟಗಾದ. "ಸೋಮವಾರ ಶುರು. ಅಲ್ಲಿವರೆಗೆ ಈ ವಿಷಯ ಈ ಕೋಣೆ ದಾಟಬಾರದು. ದಾಟಿತೋ, ಯಾರ ಬಾಯಿಂದ ಅಂತ ಹುಡುಕೋದು ಕಷ್ಟ ಅಲ್ಲ."

ಅದೇ ಕಾರ್ಖಾನೆಯಲ್ಲಿ ತನ್ನ ಅಣ್ಣ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದಾನೆಂದು ಅವಳು ಹೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ಅಣ್ಣ. ಅವಳು ಗಂಡನ ಮನೆ ಬಿಟ್ಟು ಬಂದಾಗ ಒಂದು ಪ್ರಶ್ನೆಯನ್ನೂ ಕೇಳದೆ ಹಿಂದಿನ ಕೋಣೆಯ ಸಾಮಾನು ಖಾಲಿ ಮಾಡಿಸಿಕೊಟ್ಟವನೂ ಅವನೇ. ಬೆಳಕಿನ ಹಲಗೆಯ ಮುಂದೆ ಕೂತು, ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ತೆಗೆದಿಡುವುದು ಅವನ ಕೆಲಸ. ಮನೆಯಲ್ಲೂ ಲೋಟ ಕೈಗೆ ಬಂದರೆ ಕಿಟಕಿಗೆ ಹಿಡಿದು ಒಂದು ಸುತ್ತು ತಿರುಗಿಸಿಯೇ ನೀರು ಹಾಕಿಕೊಳ್ಳುತ್ತಿದ್ದ.

"ಮದುವೆಗೆ ಮುಂಚೆ ನನ್ನನ್ನೂ ಹೀಗೇ ಬೆಳಕಿಗೆ ಹಿಡಿದು ನೋಡಿದ್ರು," ಎಂದು ಅತ್ತಿಗೆ ನಗಾಡುತ್ತಿದ್ದಳು.

"ನೋಡಿದ್ದೆ. ಬಿರುಕಿತ್ತು. ಪಾಪ ಅಂತ ಇಟ್ಕೊಂಡೆ."

ಆ ಸಂಜೆ ಊಟಕ್ಕೆ ಕೂತಾಗ ಅಣ್ಣ ತಾನಾಗಿಯೇ ಮಾತು ತೆಗೆದ. "ಸೋಮವಾರ ಕೇಳ್ತಾರಂತೆ, ಸುಮಾರು ಜನ ಬಿಟ್ಟು ಹೋಗ್ತಾರಂತೆ. ನಾನಂತೂ ಬಿಡಲ್ಲ. ಮನೇಲಿ ಕೂತು ಏನು ನೋಡ್ಲಿ, ಗೋಡೆನಾ?"

"ನನ್ನ ಮುಖ ನೋಡಿ," ಎಂದಳು ಅತ್ತಿಗೆ.

"ಅದಕ್ಕೇ ಹೇಳಿದ್ದು, ಬಿಡಲ್ಲ ಅಂತ."

ಮೂವರೂ ನಕ್ಕರು. ಆ ನಗುವಿನ ಹಿಂದೆಯೇ ಅವಳ ಮಾತು ಗಂಟಲತನಕ ಬಂತು. ಬೂದು ಕಂಡರೂ ಒತ್ತು ಅಣ್ಣಾ, ಅದು ನಿಜವಾಗಿ ಸತ್ತಿಲ್ಲ. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ಅಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ; ಬೆಳಗಾದರೆ ಬಾಟಲಿಯ ಸಾಲಿನುದ್ದಕ್ಕೂ ಹರಡುತ್ತದೆ. ಆಮೇಲೆ ಯಾರ ಬಾಯಿ ಎಂದು ಹುಡುಕುತ್ತಾರೆ. ಇಂದು ಗುರುವಾರ, ಭಾನುವಾರ ಹೇಳಿದರೂ ಹೊತ್ತಾಗುವುದಿಲ್ಲ. ಹೇಳದಿದ್ದರೂ ಏನಂತೆ, ಗಾಜಿನೊಳಗಿನ ಕೂದಲೆಳೆ ಬಿರುಕನ್ನೇ ಬಿಡದ ಕಣ್ಣು ಅವನದು. ಅವಳು ತುತ್ತಿನ ಜೊತೆ ಮಾತನ್ನೂ ನುಂಗಿಕೊಂಡಳು.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಬಂದಾಗ ಅಣ್ಣನ ಬೂಟುಗಳು ಬಾಗಿಲಲ್ಲಿರಲಿಲ್ಲ. ಅವನ ಕಾಲಲ್ಲಿದ್ದವು. ಬೂಟು ಬಿಚ್ಚದೆಯೇ ಒಳಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ನೆಲದ ತುಂಬ ಹೆಜ್ಜೆ ಗುರುತು, ಅತ್ತಿಗೆ ಒಲೆಯ ಬಳಿ ನಿಂತಿದ್ದಳು.

"ಬೇಗ ಬಂದೆ?"

"ಸೋಮವಾರದವರೆಗೆ ಕಾಯಲಿಲ್ಲ ಅವರು. ಇವತ್ತೇ ಕ್ಯಾಂಟೀನಿನಲ್ಲಿ ಕಂಪ್ಯೂಟರ್ ಇಟ್ಟು ಒಬ್ಬೊಬ್ಬರನ್ನೇ ಕರೆದ್ರು." ಅವನು ತನ್ನ ತೋರುಬೆರಳನ್ನೇ ನೋಡಿಕೊಂಡ. "ಒಪ್ಪಿದ್ದೇನೆ ಅಂತ ಒತ್ತಿ ಬಂದೆ."

"ಯಾಕೆ? ನೀನು ಬಿಡಲ್ಲ ಅಂದಿದ್ದೆ."

"ನಾನೆಲ್ಲಿ ಬಿಟ್ಟೆ? ಇನ್ನೊಂದು ಬಟನ್ ಸತ್ತಿತ್ತಲ್ಲ, ಬೂದು." ಅಣ್ಣ ಅತ್ತಿಗೆಯ ಕಡೆ ತಿರುಗಿದ, ಅವಳಿಗೂ ಎರಡನೇ ಸಲ ವಿವರಿಸುವವನಂತೆ. "ಹೋದ ವರ್ಷ ನಿನ್ನ ಮಂಡಿಗೆ ಡಾಕ್ಟರ ಹತ್ತಿರ ಫೋನಿನಲ್ಲಿ ಹೊತ್ತು ಗೊತ್ತುಮಾಡೋದು ಇವಳೇ ಹೇಳಿಕೊಟ್ಟಿದ್ದಳಲ್ಲ? ಬೂದು ಇದ್ರೆ ಅದು ಸತ್ತಿದೆ ಅಂತ, ಕೈ ಹಚ್ಚಬೇಡ ಅಣ್ಣಾ, ಬಣ್ಣ ಬಂದಿದ್ದು ಮಾತ್ರ ಒತ್ತು ಅಂತ. ಮಗ್ಗಿ ಥರ ಬಾಯಿಪಾಠ ಮಾಡಿಸಿದ್ದಳು."

"ಯಾರನ್ನಾದ್ರೂ ಕೇಳಬಾರದಿತ್ತಾ?"

"ಏನಂತ ಕೇಳ್ಲಿ? ಒತ್ತದೆ ಏಳೋ ಹಾಗಿಲ್ಲ ಅಂತ ಪಕ್ಕದಲ್ಲಿ ಒಬ್ಬ ನಿಂತಿದ್ದ. ನನ್ನ ಪಾಲಿಗೆ ಒಂದು ಸತ್ತಿದೆ ಅಂದ್ರೆ, ನನ್ನ ಹೆಸರು ಆಗಲೇ ತೀರ್ಮಾನ ಮಾಡಿಟ್ಟಿದಾರೆ ಅಂತ ತಾನೆ? ಅಷ್ಟು ಜನರ ಮುಂದೆ ಗೋಗರೆಯೋದು ಬೇಡ ಅನ್ನಿಸ್ತು."

"ವಾಪಸ್ ತಗೊಳ್ಳೋಕೆ..."

"ಒತ್ತಿದ ಮೇಲೆ ಮುಗೀತು ಅಂತ ಕೆಳಗಡೆ ಬರೆದಿತ್ತು. ಗಾಜು ಕರಗಿಸೋ ಕುಲುಮೆಯವನದೇ ಒಂದು ತಮಾಷೆ ಕೇಳು. ಅವನಿಗೆ ಬೂದೂ ಗೊತ್ತಿಲ್ಲ, ಬಿಳಿಯೂ ಗೊತ್ತಿಲ್ಲ. ಆ ಸತ್ತಿದ್ದನ್ನೇ ಹೋಗಿ ಗುದ್ದಿದನಂತೆ. ಅವನ ಕೆಲಸ ಉಳಿದಿದೆ! ಅವನದು ಮೊದಲೇ ಏನೋ ಒಳಮಾತು ಆಗಿರ್ಬೇಕು." ಅಣ್ಣ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ಆದ್ರೂ ಆ ಹಸಿರು ಬಟನ್ ಮಾಡಿದವರನ್ನ ಮೆಚ್ಚಬೇಕು. ಒತ್ತಿದಾಗ ಅಕ್ಷರ ಒಂಚೂರೇ ಚೂರು ಕೆಳಗಿಳೀತು. ಬೇರೆ ಯಾರೂ ನೋಡಿಲ್ಲ, ನಾನು ನೋಡಿದೆ. ನಿನ್ನ ಹಾಗೇ ಯಾರೋ ನಿಗಾ ಇಟ್ಟು ಮಾಡಿದಾರೆ."

ಅತ್ತಿಗೆ ಒರೆಸುವ ಬಟ್ಟೆ ತಂದು ಬಗ್ಗಿ ನೆಲ ಒರೆಸತೊಡಗಿದಳು. ಬೂಟಿನ ಸುತ್ತ ಒರೆಸಿದಳು, ‘ಕಾಲು ಎತ್ತಿ’ ಎನ್ನಲಿಲ್ಲ.

"ಅಣ್ಣಾ," ಎಂದಳು ಅವಳು. ಅವನೆದುರಿನ ಕುರ್ಚಿ ಎಳೆದು ಕೂತಳು.

"ಮುಖ ಯಾಕೆ ಹಾಗಾಯ್ತು ನಿಂದು? ಸತ್ತೇನೂ ಹೋಗಲ್ಲ ನಾವು. ನಿನ್ನ ಕೆಲಸ ಇದೆಯಲ್ಲ." ಅಣ್ಣ ಕೂತಲ್ಲಿಂದಲೇ ಕೈ ಚಾಚಿ ಕಪಾಟಿನಿಂದ ಒಂದು ಗಾಜಿನ ಲೋಟ ತೆಗೆದ. ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದ. ಯಾಕೋ ಇನ್ನೊಂದು ಸುತ್ತೂ ತಿರುಗಿಸಿದ, ಒಂದು ಕಣ್ಣು ಮುಚ್ಚಿ. ಎಲ್ಲೂ ಬಿರುಕಿಲ್ಲವೆಂದು ಖಾತ್ರಿಯಾದ ಮೇಲೆ ನೀರು ತುಂಬಿ ಅವಳ ಮುಂದೆ ಸರಿಸಿದ.