ತಿನ್ನಬೇಡಿ ಎಂದ ಮೇಲೆ

ಗುತ್ಯಮ್ಮನ ಗಂಡ ನಿಂಗಪ್ಪ ಎದ್ದು ನಿಲ್ಲದೆ ಎರಡು ವರ್ಷವಾಗಿತ್ತು. ಮೊದಲು ಎಡಗಾಲು ಊರಲಾಗದೆ, ಆಮೇಲೆ ಸೊಂಟದ ಕೀಲು ಹಿಡಿದು, ಗದ್ದೆ ಉಳುತ್ತಿದ್ದ ಆಳು ಅಂಗಳಕ್ಕೂ ತೆವಳಿಕೊಂಡೇ ಬರುತ್ತಿದ್ದ. ಸಾಗರದ ಕಡೆಯ ಆ ಕೇರಿಯಲ್ಲಿ ಅವನಂಥವರು ಒಂಬತ್ತು ಜನ. ಎಲ್ಲರೂ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು.

೧೯೭೮ರ ಬೇಸಿಗೆಯಲ್ಲಿ ಜೀಪಿನಲ್ಲಿ ಡಾಕ್ಟರುಗಳು ಬಂದರು. ರಕ್ತ ತೆಗೆದರು, ಕಾಲು ಎತ್ತಿ ಇಳಿಸಿ ನೋಡಿದರು. ಕಾರಣ ಇನ್ನೂ ಗೊತ್ತಿಲ್ಲ, ಗದ್ದೆಗೆ ಹೊಡೆಯುವ ಔಷಧಿಯ ಮೇಲೆ ಅನುಮಾನ ಇದೆ, ತಿಳಿಯುವ ತನಕ ಗದ್ದೆಯ ಏಡಿ, ಮೀನು ತಿನ್ನಬೇಡಿ ಎಂದರು.

"ಅದು ಬಿಟ್ರೆ ಎಂತ ತಿನ್ನದು ಅಯ್ಯಾ?" ಎಂದು ಗುತ್ಯಮ್ಮ ಕೇಳಿದಳು. "ಗಂಜಿಗೆ ನಂಚ್ಕಳಕೆ ನಮ್ಗಿರದು ಅದೊಂದೇ."

ಜೊತೆಗೆ ಬಂದಿದ್ದ ಅಧಿಕಾರಿ, ಸರ್ಕಾರ ತಿಂಗಳು ತಿಂಗಳು ಬೇಳೆ ಕೊಡುತ್ತದೆ ಎಂದು ಎಲ್ಲರ ಹೆಸರು ಬರೆದುಕೊಂಡ.

ಮಳೆಗಾಲ ಶುರುವಾದರೂ ಬೇಳೆ ಬರಲಿಲ್ಲ. ಗುತ್ಯಮ್ಮ ಮಾತ್ರ ಡಾಕ್ಟರ ಮಾತು ಮೀರಲಿಲ್ಲ. ಗಂಜಿ, ಉಪ್ಪು, ಸೂಜಿಮೆಣಸು, ಅಷ್ಟೇ. ಪಕ್ಕದ ಹೂವಮ್ಮನ ಮನೆಯಲ್ಲಿ ಏಡಿ ಸುಡುವ ವಾಸನೆ ಬಂದಾಗ ಹತ್ತು ವರ್ಷದ ಮಗಳು ಸರೋಜ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಅತ್ತ ಗ್ರಾಮಸೇವಕ ಅರ್ಧ ಬೆಲೆಗೆ ಔಷಧಿಯ ಡಬ್ಬ ಹಂಚುತ್ತಲೇ ಇದ್ದ.

ಶ್ರಾವಣದಲ್ಲಿ ಗುತ್ಯಮ್ಮ ಹೂವಮ್ಮನ ಜೊತೆ ಪೇಟೆಗೆ ನಡೆದಳು. ಒಂದು ಕಚೇರಿಯವರು ತಮ್ಮದು ರೋಗ ನೋಡುವುದು ಮಾತ್ರ ಎಂದರು. ಇನ್ನೊಂದು ಕಚೇರಿಗೆ ಬೇಳೆಯ ಆದೇಶವೇ ಬಂದಿರಲಿಲ್ಲ. ಕೊನೆಗೆ ಇಬ್ಬರೂ ತಾಲ್ಲೂಕು ಕಚೇರಿಯ ದೊಡ್ಡ ಸಾಹೇಬರ ಮುಂದೆ ನಿಂತರು.

"ಔಷ್ದಿ ಕೊಡದೂ ಸರ್ಕಾರ, ಏಡಿ ತಿನ್ಬೇಡಿ ಅನ್ನದೂ ಸರ್ಕಾರ. ನಾವು ಯಾರ ಮಾತು ಕೇಳದು?" ಎಂದಳು ಗುತ್ಯಮ್ಮ.

ಸಾಹೇಬರು ಕೆಟ್ಟವರಲ್ಲ. ಕೂರಲು ಬೆಂಚು ತೋರಿಸಿದರು. "ಮೇಲಕ್ಕೆ ಬರೆದಿದ್ದೀನಮ್ಮ. ಉತ್ತರ ಬರಬೇಕು."

"ಹಂಗಾದ್ರೆ ನಂಗೊಂದು ಕಾಗ್ದ ಬರ್ಕೊಡಿ. ಏಡಿ ತಿನ್ಬೋದು ಅಂತ ಬರೀರಿ. ಇಲ್ಲ, ತಿನ್ಬೇಡಿ, ಬೇಳೆ ನಾವ್ ಕೊಡ್ತೀವಿ ಅಂತ ಬರೀರಿ."

ಅವರು ಪೆನ್ನು ತೆಗೆದರು. ತುಸು ಹೊತ್ತು ಹಿಡಿದುಕೊಂಡಿದ್ದು ಮತ್ತೆ ಜೇಬಿಗಿಟ್ಟರು. "ಎರಡನ್ನೂ ಬರೆಯೋ ಅಧಿಕಾರ ನನಗಿಲ್ಲ."

ಚೌತಿ ಕಳೆದ ಮೇಲೆ ಕೇರಿಗೆ ಒಂದು ಮೂಟೆ ಬೇಳೆ ಬಂತು. ಹಂಚುವಾಗ ಫೋಟೊ ತೆಗೆದುಕೊಂಡರು. ಅದು ಹದಿನೈದು ದಿನಕ್ಕೆ ಮುಗಿಯಿತು. ಮತ್ತೆ ಬರಲಿಲ್ಲ.

ಆಮೇಲೆ ಸರೋಜಳಿಗೆ ಜ್ವರ ಬಂತು. ಜ್ವರ ಬಿಟ್ಟರೂ ಹುಡುಗಿ ಏಳಲಿಲ್ಲ, ಬರೀ ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ನಾಲ್ಕನೆಯ ದಿನ ಗುತ್ಯಮ್ಮ ಗದ್ದೆಯ ಅಂಚಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿದು ತಂದಳು.

ನಿಂಗಪ್ಪ ಒಲೆಯ ಹತ್ತಿರ ತೆವಳಿ ಬಂದ. "ಬ್ಯಾಡ ಕಣೆ. ನನ್ನ ನೋಡು."

"ನಿನ್ನೂ ನೋಡ್ತಾ ಇದೀನಿ, ಅವ್ಳನ್ನೂ ನೋಡ್ತಾ ಇದೀನಿ," ಎಂದು ಗುತ್ಯಮ್ಮ ಸಾರಿಗೆ ಖಾರ ಅರೆದಳು.

ಸರೋಜ ಎರಡು ಸಲ ಬಡಿಸಿಕೊಂಡು ಉಂಡಳು.

ಮರುದಿನ ಗುತ್ಯಮ್ಮ ಕೇರಿಯ ಏಳು ಹೆಂಗಸರನ್ನು ಕರೆದುಕೊಂಡು ಹೋಗಿ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಕಾಗದ ಕೊಡುವ ತನಕ ಏಳುವುದಿಲ್ಲ ಎಂದಳು. ಬಾಗಿಲು ಹಾಕುವಾಗ ಜವಾನ ಎಬ್ಬಿಸಿ ಕಳಿಸಿದ. ಮಾರನೆಯ ದಿನವೂ ಹೋದರು. ಕೂಲಿ ತಪ್ಪಿದರೆ ಗಂಜಿಯೂ ಇಲ್ಲ. ಮೂರನೆಯ ದಿನ ಹೂವಮ್ಮನೊಬ್ಬಳೇ ಜೊತೆಗೆ ಬಂದಳು. ಸಾಹೇಬರು ಶಿವಮೊಗ್ಗಕ್ಕೆ ಹೋಗಿದ್ದರು.

ಸಂಜೆ ಗುತ್ಯಮ್ಮ ಮನೆ ಮುಟ್ಟಿದಾಗ ಸರೋಜ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದಳು. ತಾಯಿ ಬೇಲಿಯ ಬಾಗಿಲು, ದಣಪೆಯ ಹತ್ತಿರವೇ ನಿಂತಳು. ಮಗಳು ಎಡಗಾಲನ್ನು ಸರಿಯಾಗಿ ಊರುತ್ತಿದ್ದಾಳೆಯೇ ಎಂದು ನೋಡುತ್ತ ನಿಂತಳು.